ಪೆಂಗ್ವಿನ್ ಮೀನು ಹಿಡಿದರೆ ಮಗ ಬಸ್ ಹತ್ತುತ್ತಾನೆಯೇ?

ಓದುಗರ ಪ್ರಶ್ನೆಗಳಿಗೆ ಮಕ್ಕಳ ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ, ಡೌನ್ ಸಿಂಡ್ರೋಮ್ ಇದೆ. ಒಂದೂವರೆ ವರ್ಷಕ್ಕೆ ಹೃದಯದ ತೂತಿನ ಆಪರೇಷನ್ ಆಯಿತು, ಈಗ ಆ ತೊಂದರೆ ಇಲ್ಲ. ಮೂರು ತುಂಬಿದ ಮೇಲೆ ನಡೆದ. ಮನೆಯಲ್ಲಿ ಓಡಾಡುತ್ತಾನೆ, ಟಿವಿಯಲ್ಲಿ ಹಾಡು ಬಂದರೆ ಕುಣಿಯುತ್ತಾನೆ. ಆದರೆ ಮೆಟ್ಟಿಲು ಇಳಿಯುವಾಗ ನನ್ನ ಸೆರಗು ಬಿಡುವುದಿಲ್ಲ. ಬಸ್ಸಿಗೆ ಎತ್ತಿಯೇ ಹತ್ತಿಸಬೇಕು. ಈಗ ಇಪ್ಪತ್ತೆಂಟು ಕಿಲೋ ಇದ್ದಾನೆ, ನನ್ನ ಸೊಂಟ ಹೋಗಿದೆ. ಹೋದ ತಿಂಗಳು ಬೆಂಗಳೂರಿನ ಒಂದು ಸೆಂಟರ್‌ಗೆ ತೋರಿಸಿದೆವು. 'ವಿಆರ್ (ವರ್ಚುವಲ್ ರಿಯಾಲಿಟಿ) ಥೆರಪಿ ಮಾಡಿಸಿದರೆ ಬ್ಯಾಲೆನ್ಸ್ ಬರುತ್ತದೆ, ಇಪ್ಪತ್ನಾಲ್ಕು ಸಲ ಬನ್ನಿ, ಸಲಕ್ಕೆ 1,200 ರೂಪಾಯಿ' ಅಂದರು. ಮಸ್ಕತ್‌ನಲ್ಲಿರುವ ನನ್ನ ಮೈದುನ, 'ಅತ್ತಿಗೆ, ಆ ದುಡ್ಡಿಗೆ ಕಣ್ಣಿಗೆ ಕಟ್ಟುವ ಆ ಪೆಟ್ಟಿಗೆಯನ್ನೇ ತಂದುಕೊಡುತ್ತೇನೆ' ಅನ್ನುತ್ತಾನೆ. ನಮ್ಮ ಅತ್ತೆಯದು ಒಂದೇ ಮಾತು: 'ಟಿವಿ ನೋಡಿ ಯಾರ ಕಾಲಿಗಾದರೂ ಬಲ ಬಂದದ್ದುಂಟಾ?' ಯಾರ ಮಾತು ಕೇಳಲಿ?
ಹೆಸರು ಬೇಡ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಮೊದಲು ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. 2012ರಲ್ಲಿ ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಟಿವಿ ಎದುರು ನಿಂತು ಆಡುವ ಇಂಥದೇ ಒಂದು ಆಟದ ಹಲಗೆ ಬಂದಾಗ ನಾನೂ ಇದೇ ಮಾತು ಆಡಿದ್ದೆ. ಅಮೆರಿಕದಿಂದ ರಜೆಗೆ ಬಂದಿದ್ದ ಒಂದು ಕುಟುಂಬ, 'ನಮ್ಮ ಮಗನಿಗೆ ಇದು ಬೇಜಾರಾಗಿದೆ, ನಿಮ್ಮ ಮಕ್ಕಳಿಗೆ ಬಂದೀತು' ಅಂತ ಬಿಟ್ಟುಹೋದ ಸಾಮಾನು ಅದು. ಎರಡು ತಿಂಗಳು ಬೀರುವಿನ ಮೇಲೆ ಧೂಳು ತಿಂದಿತು. ಆಮೇಲೇನಾಯಿತು ಅಂತ ಹೇಳುತ್ತೇನೆ. ಅದಕ್ಕೆ ಮುಂಚೆ ಮಗನ ಕಾಲಿನ ವಿಚಾರ.

ನಾಳೆ ಸ್ನಾನವಾದ ಕೂಡಲೇ ಅವನನ್ನು ಒದ್ದೆ ಪಾದದಲ್ಲೇ ಕಡಪಾ ಕಲ್ಲಿನ ಮೇಲೆ ನಿಲ್ಲಿಸಿ. ಜಾರದಂತೆ ಹಿಡಿದುಕೊಂಡಿರಿ. ಆಮೇಲೆ ಪಕ್ಕಕ್ಕೆ ಕರೆದು ಹೆಜ್ಜೆಗುರುತು ನೋಡಿ. ಎರಡು ಪಾದಗಳ ನಡುವೆ ನಿಮ್ಮ ಒಂದು ಗೇಣಿಗಿಂತ ಹೆಚ್ಚು ಜಾಗ, ಬೆರಳುಗಳು ಹೊರಗೆ ತಿರುಗಿರುತ್ತವೆ, ಪಾದದ ಒಳಬಾಗು ಕಾಣದೆ ಇಡೀ ಅಂಗಾಲು ಅಚ್ಚು ಬಿದ್ದಿರುತ್ತದೆ. ನಾನು ಅವನನ್ನು ನೋಡಿಲ್ಲ. ಆದರೂ ಹತ್ತರಲ್ಲಿ ಎಂಟು ಪಾಲು ಹೀಗೇ ಇರುತ್ತದೆ ಅಂತ ಹೇಳಬಲ್ಲೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುತ್ತದೆ ಅಂತ ಡಾಕ್ಟರು ಹೇಳಿರುತ್ತಾರೆ. ಅದರಿಂದ ಕಾಲಿಗೆ ಆಗುವುದೇನು? ಸ್ನಾಯುಗಳಲ್ಲಿ ಬಿಗಿ ಕಡಿಮೆ. ಕೀಲುಗಳನ್ನು ಹಿಡಿದಿಡುವ ಕಟ್ಟುಗಳು ಸಡಿಲ. ಚಲನೆಗೆ ತಾಳ ಹಾಕುವ ಕಿರುಮೆದುಳು ಗಾತ್ರದಲ್ಲಿ ಸ್ವಲ್ಪ ಸಣ್ಣದು. ಆಗ ಮಗು ತಾನೇ ಒಂದು ಉಪಾಯ ಹುಡುಕಿಕೊಳ್ಳುತ್ತದೆ: ಕಾಲು ಅಗಲಿಸಿ, ಮೊಣಕಾಲು ಹಿಂದಕ್ಕೆ ಲಾಕ್ ಮಾಡಿ ನಿಲ್ಲುವುದು. ಸಪಾಟು ನೆಲದ ಮೇಲೆ ಈ ಉಪಾಯ ಚೆನ್ನಾಗಿಯೇ ನಡೆಯುತ್ತದೆ.

ಕೆಟ್ಟುಹೋಗುವುದು ಮೆಟ್ಟಿಲಲ್ಲಿ. ಇಳಿಯುವಾಗ ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ, ಆ ಮೊಣಕಾಲನ್ನು ಮೆಲ್ಲಗೆ ಬಗ್ಗಿಸುತ್ತಾ ಮೈಯನ್ನು ಕೆಳಕ್ಕೆ ಬಿಡಬೇಕು, ಬಾವಿಗೆ ಕೊಡ ಇಳಿಬಿಡುವಾಗ ಹಗ್ಗ ಸಡಿಲಿಸಿದ ಹಾಗೆ. ನಿಮ್ಮ ಮಗನ ಮೊಣಕಾಲಿಗೆ ಪೂರ್ತಿ ನೆಟ್ಟಗಿರುವುದು ಗೊತ್ತು, ಪೂರ್ತಿ ಮಡಚುವುದು ಗೊತ್ತು. ಹಗ್ಗ ಸಡಿಲಿಸುವುದು ಗೊತ್ತಿಲ್ಲ. ಅದಕ್ಕೇ ಸೆರಗು. ಹೆದರಿಕೆ ಅನ್ನಬೇಡಿ, ಹಟ ಅಂತೂ ಅಲ್ಲವೇ ಅಲ್ಲ.

ಈಗ ವಿಆರ್. ಈ ಒಂದು ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಮಾರುತ್ತಿದ್ದಾರೆ. ಸೆಂಟರಿನವರು ಯಾವುದನ್ನು ತೋರಿಸಿದರು ಅಂತ ನೀವು ಬರೆದಿಲ್ಲ. ಒಂದರಲ್ಲಿ ಮಗು ಟಿವಿ ಎದುರು ನಿಲ್ಲುತ್ತದೆ, ಕಾಲಡಿಯಲ್ಲಿ ಒಂದು ಹಲಗೆ ಇರುತ್ತದೆ ಅಥವಾ ಎದುರಿಗೆ ಕ್ಯಾಮೆರಾ ಇರುತ್ತದೆ, ಮೈ ಅಲುಗಿದಂತೆ ತೆರೆಯ ಮೇಲಿನ ಗೊಂಬೆ ಅಲುಗುತ್ತದೆ. ಇನ್ನೊಂದು ನಿಮ್ಮ ಮೈದುನ ಹೇಳುತ್ತಿರುವುದು. ಕಣ್ಣಿಗೆ ಪೂರ್ತಿ ಕಟ್ಟಿಬಿಡುವುದು, ಕೋಣೆ ಕಾಣುವುದೇ ಇಲ್ಲ. ಡೌನ್ ಸಿಂಡ್ರೋಮ್ ಮಕ್ಕಳ ಬ್ಯಾಲೆನ್ಸ್ ಮೇಲೆ ನಾವೆಲ್ಲ ಬಾಯಿಪಾಠ ಮಾಡಿಕೊಂಡಿರುವ ಅಧ್ಯಯನಗಳು ಆದದ್ದು ಮೊದಲನೆಯದರಲ್ಲಿ.

ಜಪಾನಿನ ನಿಂಟೆಂಡೊ ಕಂಪನಿಯ 'ವೀ' ಅನ್ನುವ ಆಟದ ಯಂತ್ರ 2006ರಲ್ಲಿ ಬಂತು. ಮರುವರ್ಷ ಅದಕ್ಕೆ ಒಂದು ಬಿಳಿ ಹಲಗೆ ಬಂತು. ನೋಡಲು ತೂಕದ ಯಂತ್ರದ ಹಾಗೆ, ಅಗಲ ಸ್ವಲ್ಪ ಜಾಸ್ತಿ. ನಾಲ್ಕು ಮೂಲೆಗೆ ನಾಲ್ಕು ಸಂವೇದಕ. ಮೈಭಾರ ಎಡಕ್ಕೋ ಬಲಕ್ಕೋ, ಮುಂದಕ್ಕೋ ಹಿಂದಕ್ಕೋ ಅಂತ ಅದಕ್ಕೆ ಕ್ಷಣಕ್ಷಣವೂ ಗೊತ್ತಾಗುತ್ತದೆ. ನಾನು ಬೀರುವಿನ ಮೇಲೆ ಇಟ್ಟಿದ್ದು ಅದೇ ಹಲಗೆ. ಒಂದು ಮಳೆಗಾಲದ ಮಧ್ಯಾಹ್ನ, ಬಂದ ಮಕ್ಕಳೆಲ್ಲ ರಚ್ಚೆ ಹಿಡಿದಿದ್ದಾಗ, ಬೇರೆ ಗತಿಯಿಲ್ಲದೆ ಕೆಳಗಿಳಿಸಿದೆ.

ಹತ್ತು ವರ್ಷದ ಒಬ್ಬ ಹುಡುಗಿ ಹತ್ತಿ ನಿಂತಳು. ಆಟದಲ್ಲಿ ಒಂದು ಹಿಮದ ಬಂಡೆ, ಅದರ ಮೇಲೆ ಜಾರುವ ಪೆಂಗ್ವಿನ್, ಮೇಲಕ್ಕೆ ಹಾರುವ ಮೀನು. ಬಲಕ್ಕೆ ಭಾರ ಹಾಕಿದರೆ ಪೆಂಗ್ವಿನ್ ಬಲಕ್ಕೆ ಜಾರಿ ಮೀನು ಹಿಡಿಯುತ್ತದೆ. ಹುಡುಗಿ ಏನು ಮಾಡಿದಳು? ತಲೆ ವಾಲಿಸಿದಳು. ಪೆಂಗ್ವಿನ್ ಅಲ್ಲಾಡಲಿಲ್ಲ. ಭುಜ ವಾಲಿಸಿದಳು. ಒಂಚೂರು ಅಲ್ಲಾಡಿತು. 'ಏಯ್ ಬಾರೋ' ಅಂತ ಅದಕ್ಕೆ ಬೈದಳು. ಎರಡು ವಾರ ಹೀಗೇ. ಮೂರನೇ ವಾರ ಒಂದು ದಿನ ಅವಳ ಸೊಂಟ ಬಲಕ್ಕೆ ಸರಿಯಿತು. ಎಡಗಾಲಿನ ಹಿಮ್ಮಡಿ ಹಲಗೆಯಿಂದ ಒಂದು ನೂಲಿನಷ್ಟು ಎದ್ದಿತು, ಪೆಂಗ್ವಿನ್ ಸುರ್ರಂತ ಹೋಗಿ ಮೀನು ನುಂಗಿತು. ಆ ಒಂದು ನೂಲಿಗಾಗಿ ನಾನು ಒಂದು ವರ್ಷ 'ಬಲಗಾಲಿಗೆ ಭಾರ ಹಾಕು ಪುಟ್ಟಿ' ಅಂತ ಗಂಟಲು ಹರಿದುಕೊಂಡಿದ್ದೆ. ನನ್ನ ಮಾತಿಗಿಂತ ಪೆಂಗ್ವಿನ್ ಮಾತಿಗೆ ಬೆಲೆ ಜಾಸ್ತಿ. ಯಾಕೆಂದರೆ ಅದು ತಪ್ಪಿಗೂ ಸರಿಗೂ ಆ ಕ್ಷಣವೇ ಉತ್ತರ ಕೊಡುತ್ತದೆ, ಬೇಸರವಿಲ್ಲದೆ, ನೂರು ಸಲ. ಈ ವಿಷಯದಲ್ಲಿ ನಿಮ್ಮ ಅತ್ತೆಯವರೂ ನಾನೂ ಇಬ್ಬರೂ ತಪ್ಪು.

ಆದರೆ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅದೇ ಹುಡುಗಿ ಮೂರು ತಿಂಗಳಲ್ಲಿ ಆ ಆಟದಲ್ಲಿ ನನ್ನನ್ನೇ ಸೋಲಿಸತೊಡಗಿದಳು. ನಾನು ಖುಷಿಯಲ್ಲಿ ಅಂಕದ ಪಟ್ಟಿ ತೋರಿಸಿದರೆ ಅವಳ ಅಪ್ಪ, 'ಅದೆಲ್ಲ ಸರಿ ಮೇಡಂ, ಮನೆ ಹೊಸಿಲು ದಾಟುವಾಗ ಇನ್ನೂ ಗೋಡೆ ಹಿಡೀತಾಳೆ' ಅಂದರು. ನನಗೆ ಮುಖ ಎತ್ತಲಾಗಲಿಲ್ಲ. ತಪ್ಪು ಹಲಗೆಯದಲ್ಲ, ನನ್ನದು. ಹಲಗೆಯ ಮೇಲೆ ಎರಡೂ ಪಾದ ಊರಿಯೇ ಇರುತ್ತವೆ. ಭಾರ ಸರಿಸುವುದು ಅಲ್ಲಿ ಕಲಿಯುತ್ತಾರೆ, ಹೆಜ್ಜೆ ಎತ್ತುವುದು ಕಲಿಯುವುದಿಲ್ಲ. ಮರುದಿನದಿಂದ ಹದಿನೈದು ನಿಮಿಷ ಆಟ, ಆಟ ನಿಂತ ಕೂಡಲೇ ಹದಿನೈದು ನಿಮಿಷ ನಿಜವಾದ ಮೆಟ್ಟಿಲು ಅಂತ ಮಾಡಿದೆ. ಹೊಸಿಲು ದಾಟಲು ಇನ್ನೆರಡು ತಿಂಗಳು ಹಿಡಿಯಿತು.

ಪುಸ್ತಕದ ಮಾತೂ ಸ್ವಲ್ಪ ಇರಲಿ, ನಿಮ್ಮ ಯಜಮಾನರು ಕೇಳಬಹುದು. 2010ರಲ್ಲಿ ಈಜಿಪ್ಟ್‌ನವರು ಇಂಥ ಆಟ ಆಡಿಸಿ, ಮಕ್ಕಳ ಬ್ಯಾಲೆನ್ಸ್ ಸುಧಾರಿಸಿತು ಅಂತ ಪ್ರಕಟಿಸಿದರು. ಅದು ಸಣ್ಣ ಗುಂಪು. 2011ರಲ್ಲಿ ತೈವಾನ್‌ನವರದು ದೊಡ್ಡದು. 105 ಮಕ್ಕಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾಮೂಲಿ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಚಿಕಿತ್ಸೆ), ಇನ್ನೊಂದಕ್ಕೆ ವೀ ಆಟ. ಇವೆರಡೂ ಇಲ್ಲದ 50 ಮಕ್ಕಳು ಹೋಲಿಕೆಗೆ. ಚಲನೆಯ ಕೌಶಲದಲ್ಲಿ ಆಟ ಆಡಿದವರು ಮುಂದೆ ಬಂದರು. ಇದನ್ನು ಎಲ್ಲ ಸೆಂಟರ್‌ಗಳೂ ಹೇಳುತ್ತವೆ. ಹೇಳದೆ ಬಿಡುವುದು ಇದು: ಆ ಮಕ್ಕಳು ವಾರಕ್ಕೆ 2 ದಿನ, ದಿನಕ್ಕೆ 1 ಗಂಟೆಯಂತೆ 24 ವಾರ ಆಡಿದ್ದರು. ಲೆಕ್ಕ ಹಾಕಿ, 48 ಗಂಟೆ. ನಿಮಗೆ ಹೇಳಿದ್ದು 24 ಸಲ. ಒಂದು ಸಲ ಅಂದರೆ ಎಷ್ಟು ನಿಮಿಷ? ಅದರಲ್ಲಿ ಬೂಟು ಬಿಚ್ಚುವುದು, ಆಟ ಆಯ್ಕೆ ಮಾಡುವುದು, ನೀರು ಕುಡಿಯುವುದು ಕಳೆದು ಎಷ್ಟು? ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಇಪ್ಪತ್ನಾಲ್ಕು ಸಲ ಹೋಗಿಬರುವ ಖರ್ಚು 28,800ಕ್ಕೆ ಸೇರಿಸಿದರೆ ಎಷ್ಟು?

ನನ್ನ ತೀರ್ಮಾನ: ತೆರೆಯ ಆಟದಿಂದ ಪ್ರಯೋಜನ ಇದೆ, ಒಂಬತ್ತು ವರ್ಷ ಅದಕ್ಕೆ ಒಳ್ಳೆ ವಯಸ್ಸು. ತೈವಾನಿನ ಮಕ್ಕಳೂ 7ರಿಂದ 12ರೊಳಗಿನವರು. ಆದರೆ ಅದಕ್ಕಾಗಿ ಬೆಂಗಳೂರಿಗೆ ಓಡಾಡಬೇಡಿ.

ಮೈದುನರಿಗೆ ಬೇಡ ಅಂತ ಹೇಳಿ. ಒಳ್ಳೆ ಮನಸ್ಸಿನ ಹುಡುಗ, ಬೇಕಾದರೆ ಖರ್ಜೂರ ತರಲಿ. ಕಾರಣ ಕೇಳಿ. ನಾವು ಬೀಳದೆ ನಿಲ್ಲುವುದು ಕಣ್ಣು, ಒಳಕಿವಿ, ಪಾದ ಈ ಮೂವರ ಸಾಕ್ಷಿ ಕೂಡಿಸಿಕೊಂಡು. ಕಣ್ಣು ಕಟ್ಟಿದ ಪೆಟ್ಟಿಗೆಯಲ್ಲಿ ಕಣ್ಣು 'ಓಡುತ್ತಿದ್ದೇನೆ' ಅನ್ನುತ್ತದೆ, ಒಳಕಿವಿ 'ಇಲ್ಲ, ನಿಂತಿದ್ದೀಯಾ' ಅನ್ನುತ್ತದೆ. ದೊಡ್ಡವರಿಗೇ ತಲೆ ಸುತ್ತಿ ವಾಂತಿ ಬರುತ್ತದೆ. ಈಗಲೇ ಬ್ಯಾಲೆನ್ಸ್‌ಗಾಗಿ ಕಣ್ಣನ್ನು ನೆಚ್ಚಿಕೊಂಡಿರುವ ಮಗುವಿನಿಂದ ಕಾಲಡಿಯ ನೆಲವನ್ನೇ ಮರೆಮಾಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಆ ಪೆಟ್ಟಿಗೆ ಸುಮಾರು ಅರ್ಧ ಕಿಲೋ ತೂಗುತ್ತದೆ. ಈ ಮಕ್ಕಳ ಕತ್ತಿನ ಕೀಲೂ ಸಡಿಲ ಅನ್ನುವುದು ನೆನಪಿರಲಿ. ಕನ್ನಡಕ ಇದ್ದರೆ ಇನ್ನೊಂದು ತಾಪತ್ರಯ. ಕಂಪನಿಗಳೇ ವಯಸ್ಸು ಹೇಳಿವೆ: ಸೋನಿಯವರ ಪ್ಲೇಸ್ಟೇಷನ್ ವಿಆರ್‌ಗೆ 12. ಮೆಟಾದವರ ಕ್ವೆಸ್ಟ್‌ಗೆ 13 ಇತ್ತು, 2023ರಲ್ಲಿ ಪಾಲಕರ ನಿಗಾದಲ್ಲಿ 10 ಅಂತ ಮಾಡಿದರು. ನಿಮ್ಮ ಮಗನಿಗೆ ಒಂಬತ್ತು. ಅಷ್ಟಕ್ಕೂ ಆ ವಯಸ್ಸು ಹೇಳಿದ್ದು ಆಟಕ್ಕೆ, ಚಿಕಿತ್ಸೆಗಲ್ಲ.

ಯಾವ ಥೆರಪಿಗೂ ಮುಂಚೆ ನಾಲ್ಕು ತಪಾಸಣೆ ಆಗಿರಲಿ. ಕಣ್ಣು, ಕಿವಿ, ಥೈರಾಯ್ಡ್, ಹೃದಯ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ದೃಷ್ಟಿದೋಷ ಇರುತ್ತದೆ, ಅದಕ್ಕಿಂತ ಹೆಚ್ಚಿನವರಿಗೆ ಕಿವಿಯ ತೊಂದರೆ, ಬಹಳ ಸಲ ಕಿವಿಯೊಳಗೆ ನೀರು ಕಟ್ಟಿ. ಮೆಟ್ಟಿಲಿನ ಅಂಚೇ ಕಾಣದ ಮಗುವಿಗೆ ಆರು ತಿಂಗಳು ವ್ಯಾಯಾಮ ಹೇಳಿಕೊಟ್ಟು, ಆಮೇಲೆ ಕನ್ನಡಕ ಹಾಕಿಸಿದ ಮೂರನೇ ದಿನ ಅವನು ತಾನೇ ಇಳಿದದ್ದನ್ನು ನೋಡಿ ನಾಚಿಕೊಂಡವಳು ನಾನು. ಥೈರಾಯ್ಡ್ ವರ್ಷಕ್ಕೊಮ್ಮೆ ಬೇಕೇ ಬೇಕು. ಅದು ಕಡಿಮೆಯಾದರೆ ಮಗು ಮಂಕಾಗಿ, ನಾವು 'ಸೋಮಾರಿ' ಅಂತ ಬೈಯುತ್ತೇವೆ. ಹೃದಯದ ಡಾಕ್ಟರರ ಹತ್ತಿರ 'ಓಡಿ ಆಡಬಹುದೇ' ಅಂತ ಒಂದು ಮಾತು ಕೇಳಿ.

ಇಷ್ಟಾದ ಮೇಲೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ, ಎಲ್ಲಿದೆ ಅಂತ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ ಅದು, 18 ವರ್ಷದವರೆಗಿನ ಮಕ್ಕಳಿಗೆ. ಹಣ ಕೇಳುವುದಿಲ್ಲ. ನಿಮ್ಮ ಮಗನಿಗೆ ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಸರ್ಕಾರಿ ಗುರುತಿನ ಚೀಟಿ) ಮಾಡಿಸಿಲ್ಲವಾದರೆ ಅದನ್ನೂ ಮಾಡಿಸಿ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯ ಬಗ್ಗೆ ಅಲ್ಲೇ ಕೇಳಿ. ವರ್ಷಕ್ಕೆ 1 ಲಕ್ಷದವರೆಗಿನ ಆ ವಿಮೆಯಲ್ಲಿ ಥೆರಪಿಗೂ ಒಂದು ಪಾಲಿದೆ. ಫಿಸಿಯೋಥೆರಪಿಸ್ಟ್ ಸಿಕ್ಕರೆ 'ಪೀಡಿಯಾಟ್ರಿಕ್ ಬ್ಯಾಲೆನ್ಸ್ ಸ್ಕೇಲ್ ಮಾಡಿ ಅಂಕ ಬರೆದುಕೊಡಿ' ಅಂತ ಕೇಳಿ. ಹದಿನಾಲ್ಕು ಸಣ್ಣ ಕೆಲಸ: ಕುರ್ಚಿಯಿಂದ ಏಳುವುದು, ಕಣ್ಣು ಮುಚ್ಚಿ ನಿಲ್ಲುವುದು, ಒಂದೇ ಕಾಲಲ್ಲಿ ನಿಲ್ಲುವುದು, ನೆಲದಿಂದ ವಸ್ತು ಎತ್ತುವುದು ಹೀಗೆ. ಒಂದೊಂದಕ್ಕೆ 4 ಅಂಕ, ಒಟ್ಟು 56. ಇದಕ್ಕೆ ಯಂತ್ರ ಬೇಡ, ಕುರ್ಚಿ, ಗಡಿಯಾರ, ಅಳತೆ ಪಟ್ಟಿ ಸಾಕು. ಮೂರು ತಿಂಗಳ ಆಮೇಲೆ ಮತ್ತೆ ಮಾಡಿಸಿದಾಗ ಅಂಕ ಎಷ್ಟು ಏರಿತು ಅಂತ ಗೊತ್ತಾಗುತ್ತದೆ. ಮೊದಲ ಅಂಕ ಬರೆದುಕೊಡದೆ 'ಬ್ಯಾಲೆನ್ಸ್ ಬರುತ್ತದೆ' ಅನ್ನುವ ಯಾವ ಸೆಂಟರ್‌ಗೂ ದುಡ್ಡು ಕಟ್ಟಬೇಡಿ.

ಮನೆಯಲ್ಲಿ ಏನು ಮಾಡುವುದು? ಹಾಡಿಗೆ ಕುಣಿಯುತ್ತಾನೆ ಅಂತ ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅದು. ಟಿವಿ ಎದುರು ಒಂದು ಊಟದ ಮಣೆ ಇಡಿ, ಕೆಳಗೆ ಗೋಣಿಚೀಲ ಹಾಸಿ, ಜಾರಬಾರದು. ಹಾಡು ಶುರುವಾದಾಗ ಬಲಗಾಲು ಮಣೆ ಮೇಲೆ, ಎಡಗಾಲು ನೆಲದ ಮೇಲೆ, ಹೀಗೇ ಕುಣಿಯಲಿ. ಹಾಡು ಬದಲಾದರೆ ಕಾಲೂ ಬದಲು. ನೀವು ಹಿಂದೆ ನಿಂತು ಅವನ ಸೊಂಟದ ಎರಡೂ ಕಡೆ ಕೈಯಿಡಿ. ಕೈ ಹಿಡಿಯಬೇಡಿ. ಕೈ ಹಿಡಿದರೆ ಭಾರವೆಲ್ಲ ನಿಮ್ಮ ತೋಳಿಗೆ ಬರುತ್ತದೆ, ಅವನ ಕಾಲು ಏನೂ ಕಲಿಯುವುದಿಲ್ಲ. ಎರಡು ವಾರ ಕಳೆದು ಮಣೆ ಹತ್ತಿ ಇಳಿಯುವುದು. ಮುಖ ಟಿವಿ ಕಡೆಗೇ ಇರಲಿ, ಮುಂದಕ್ಕೆ ಇಳಿಯಲಿ, ಮೆಲ್ಲಗೆ. ಧಪ್ ಅಂತ ಸದ್ದು ಬಂದರೆ ಆ ಸಲ ಲೆಕ್ಕಕ್ಕಿಲ್ಲ ಅಂತ ಆಟ ಕಟ್ಟಿ. ಸದ್ದಿಲ್ಲದೆ ಇಳಿದರೆ ಮೊಣಕಾಲು ಹಗ್ಗ ಸಡಿಲಿಸಿದೆ ಅಂತ ಅರ್ಥ. ಆಮೇಲೆ ಎತ್ತರ ಏರಿಸಿ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಬರಿಗಾಲಲ್ಲಿ ನಿಂತು ಚೆಂಡು ಹಿಡಿಯುವುದು ಇನ್ನೊಂದು ಒಳ್ಳೆಯ ಆಟ. ಅಕ್ಕಪಕ್ಕದ ಮಕ್ಕಳು ಕುಂಟಬಿಲ್ಲೆ ಆಡುತ್ತಿದ್ದರೆ ಅವನನ್ನೂ ಸೇರಿಸಿ, ಅವನಿಗೆ ಎರಡೂ ಕಾಲಲ್ಲಿ ಜಿಗಿಯುವ ರಿಯಾಯಿತಿ ಕೊಡಿಸಿ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಅತ್ತೆಯವರಿಗೆ ಲೆಕ್ಕ ಇಡುವ ಕೆಲಸ ಕೊಡಿ.

ಕೊನೆಗೆ ಬಸ್ಸು. ನಿಮ್ಮೂರಿಗೆ ಬರುವ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟೆತ್ತರ ಅಂತ ಒಂದು ದಾರದಲ್ಲಿ ಅಳೆದು ತನ್ನಿ. ಮನೆಯಲ್ಲಿ ಅಷ್ಟೇ ಎತ್ತರದ ಕಟ್ಟೆಯೋ ಇಟ್ಟಿಗೆ ಸಾಲೋ ಹುಡುಕಿ. ಅಲ್ಲಿ ಹತ್ತುವುದು ಬಂದ ಮೇಲೆ ಮಧ್ಯಾಹ್ನದ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಖಾಲಿ ನಿಂತ ಬಸ್ಸಿಗೆ ಕರೆದುಕೊಂಡು ಹೋಗಿ, ಡ್ರೈವರಿಗೆ ವಿಷಯ ಹೇಳಿ ನಾಲ್ಕು ಸಲ ಹತ್ತಿಸಿ ಇಳಿಸಿ. ಊಟದ ಹೊತ್ತಿಗೆ ಬೇಡ ಅನ್ನುವ ಡ್ರೈವರ್ ನನಗೆ ಇದುವರೆಗೆ ಸಿಕ್ಕಿಲ್ಲ. ನೀವಂತೂ ಇವತ್ತಿನಿಂದಲೇ ಅವನನ್ನು ಎತ್ತುವುದು ನಿಲ್ಲಿಸಿ. ಕಂಬಿ ಹಿಡಿಸಿ, ಹಿಂದಿನಿಂದ ಸೊಂಟಕ್ಕೆ ಆಸರೆ ಕೊಡಿ.

ಪ್ರಶ್ನೆ: ಮೊಮ್ಮಗಳಿಗೆ ಐದು ವರ್ಷ, ಡೌನ್ ಸಿಂಡ್ರೋಮ್. ಶಿವಮೊಗ್ಗದಲ್ಲಿ ಮಕ್ಕಳನ್ನು ಜಿಗಿಸುವ ಬಲೆಯ ಆಟ ಬಂದಿದೆ. ಜಿಗಿದರೆ ಬ್ಯಾಲೆನ್ಸ್ ಸುಧಾರಿಸುತ್ತದೆಂದು ಸೊಸೆ ಕರೆದೊಯ್ಯುತ್ತಾಳೆ. ಕತ್ತಿಗೆ ಅಪಾಯ ಎಂದು ಎಲ್ಲೋ ಓದಿದೆ. ಎಕ್ಸ್‌ರೇ ತೆಗೆಸಬೇಕೇ?
ಒಬ್ಬ ಅಜ್ಜ, ಸಾಗರ

ಉತ್ತರ: ರಾಯರೇ, ನೀವು ಓದಿದ್ದು ನಿಜ. ತಲೆಬುರುಡೆಯ ಕೆಳಗಿನ ಮೊದಲ ಎರಡು ಕತ್ತಿನ ಮೂಳೆಗಳ ನಡುವಿನ ಕಟ್ಟು ಈ ಮಕ್ಕಳಲ್ಲಿ ಸಡಿಲವಿರಬಹುದು. ಅತಿಯಾಗಿ ಸರಿದರೆ ಒಳಗಿನ ನರದ ಹುರಿಗೆ ಒತ್ತು ಬೀಳುತ್ತದೆ. ನಿಜಕ್ಕೂ ತೊಂದರೆ ಕಾಣಿಸಿಕೊಳ್ಳುವುದು ನೂರರಲ್ಲಿ ಒಬ್ಬಿಬ್ಬರಿಗೆ. ಹಾಗಾಗಿ ಲಕ್ಷಣವೇ ಇಲ್ಲದ ಮಗುವಿಗೆ ಸುಮ್ಮನೆ ಎಕ್ಸ್‌ರೇ ಬೇಡ ಅನ್ನುವುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆ. ಇವತ್ತು ಚೆನ್ನಾಗಿರುವ ಎಕ್ಸ್‌ರೇ ನಾಳೆಯ ಭರವಸೆಯೂ ಅಲ್ಲ. ಅದೇ ಸಂಘ ಆರು ವರ್ಷದೊಳಗಿನ ಮಕ್ಕಳಿಗೆ ಟ್ರ್ಯಾಂಪೊಲಿನ್, ಅಂದರೆ ನೀವು ಹೇಳಿದ ಜಿಗಿಯುವ ಬಲೆ, ಬೇಡ ಅನ್ನುತ್ತದೆ. ಆದ್ದರಿಂದ ಸೊಸೆಗೆ ನನ್ನ ಹೆಸರು ಹೇಳಿಯೇ ನಿಲ್ಲಿಸಿ. ಪಲ್ಟಿ ಹೊಡೆಸುವುದೂ ಬೇಡ.

ಎಕ್ಸ್‌ರೇಗಿಂತ ನಿಮ್ಮ ಕಣ್ಣು ಮುಖ್ಯ. ಕತ್ತು ನೋವು ಅನ್ನುವುದು, ತಲೆಯನ್ನು ಒಂದೇ ಕಡೆ ವಾಲಿಸಿ ಹಿಡಿಯುವುದು, ಚೆನ್ನಾಗಿ ನಡೆಯುತ್ತಿದ್ದವಳು ಎಡವತೊಡಗುವುದು, ಕೈಯಿಂದ ವಸ್ತು ಜಾರುವುದು, ಬಟ್ಟೆಯಲ್ಲಿ ಉಚ್ಚೆ ನಿಂತಿದ್ದದ್ದು ಮತ್ತೆ ಶುರುವಾಗುವುದು. ಇದರಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ, ಫಿಸಿಯೋಥೆರಪಿಯೂ ನಿಲ್ಲಬೇಕು. ಇನ್ನು ಮುಂದೆ ಯಾವುದೇ ಆಪರೇಷನ್‌ಗೆ ಅರಿವಳಿಕೆ ಕೊಡುವಾಗ ಕತ್ತಿನ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಫೈಲಿನಲ್ಲಿ ಇರುತ್ತದೆ ಅಂತ ನೆಚ್ಚಬೇಡಿ.

ಪ್ರಶ್ನೆ: ಅಕ್ಕಾ, ನನ್ನ ಮಗುವಿಗೆ ಹನ್ನೊಂದು ತಿಂಗಳು. ವಿಆರ್ ಬೇಗ ಶುರು ಮಾಡಿದರೆ ಬೇಗ ನಡೆಯುತ್ತದೆಯೇ?
ಒಬ್ಬ ತಾಯಿ, ಮೂಡುಬಿದಿರೆ

ಉತ್ತರ: ಇಲ್ಲ ತಂಗಿ. ಈ ವಯಸ್ಸಿಗೆ ತೆರೆಯೇ ಬೇಡ. ಡೌನ್ ಸಿಂಡ್ರೋಮ್ ಮಕ್ಕಳು ಸರಾಸರಿ ಎರಡು ವರ್ಷದ ಹೊತ್ತಿಗೆ ನಡೆಯುತ್ತಾರೆ, ಕೆಲವರು ಮೂರು ನಾಲ್ಕಕ್ಕೂ. ಬೇಗ ನಡೆಸಿದ್ದಕ್ಕೆ ಗಟ್ಟಿ ಸಾಕ್ಷಿ ಇರುವುದು ಬೇರೊಂದು ಯಂತ್ರಕ್ಕೆ. 2001ರಲ್ಲಿ ಅಮೆರಿಕದ ಮಿಷಿಗನ್‌ನ ಸಂಶೋಧಕ ಡೇಲ್ ಅಲ್ರಿಕ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಪುಟ್ಟ ಟ್ರೆಡ್‌ಮಿಲ್ ಮನೆಗೇ ಕೊಟ್ಟು, ಅಪ್ಪ ಅಮ್ಮಂದಿರು ಮಗುವಿನ ಕಂಕುಳ ಕೆಳಗೆ ಕೈಯಿಟ್ಟು ಹಿಡಿದು ಅದರ ಮೇಲೆ ಹೆಜ್ಜೆ ಹಾಕಿಸಿದರು. ದಿನಕ್ಕೆ 8 ನಿಮಿಷ, ವಾರಕ್ಕೆ 5 ದಿನ. ಆ ಮಕ್ಕಳು ಉಳಿದವರಿಗಿಂತ ಸರಾಸರಿ 101 ದಿನ ಮೊದಲು ನಡೆದರು. ಜಿಮ್‌ನ ಟ್ರೆಡ್‌ಮಿಲ್ ಹತ್ತಿಸಲು ಹೋಗಬೇಡಿ, ಅದರ ವೇಗವೂ ಪಟ್ಟಿಯೂ ಕೂಸಿಗೆ ಆಗಿಬರುವಂಥದ್ದಲ್ಲ. ಅವರು ಶುರು ಮಾಡಿದ್ದೂ ಮಗು ಆಸರೆಯಿಲ್ಲದೆ 30 ಸೆಕೆಂಡ್ ಕೂರುವುದು ಬಂದ ಮೇಲೆ. ನಿಮ್ಮದು ಎಷ್ಟು ಹೊತ್ತು ಕೂರುತ್ತದೆ? ಸುತ್ತ ದಿಂಬಿಟ್ಟು, ಕೈ ಬಿಟ್ಟು, ಗಡಿಯಾರ ನೋಡಿ ಎಣಿಸಿ ಬರೆಯಿರಿ.